ಹಳ್ಳಿ ತಾನಾಗಿಯೇ ಪಟ್ಟಣವಾಗುತ್ತದೆಯೇ? ಕೆರೆ, ಗದ್ದೆ, ಕಚೇರಿಗಳ ಕಥೆ

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕು, ವೇಮಗಲ್ ಕಡೆ. ನಾನು ಹೈಸ್ಕೂಲು ಓದುವಾಗ ಊರಿಗೆ ಗ್ರಾಮ ಪಂಚಾಯಿತಿ ಇತ್ತು, ಈಗ ಪಟ್ಟಣ ಪಂಚಾಯಿತಿ. ಕೆರೆ ಕೆಳಗಿನ ಗದ್ದೆ ಬಯಲಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ. ಮೊದಲು ಬೇಸಾಯ, ಆಮೇಲೆ ಹಳ್ಳಿ, ಹಳ್ಳಿ ಬೆಳೆದು ಪಟ್ಟಣ, ಪಟ್ಟಣ ಬೆಳೆದು ನಗರ, ಕೊನೆಗೆ ರಾಜ್ಯ, ಕಾನೂನು ಅಂತ ಮಗಳ ಪಾಠದಲ್ಲಿದೆ. ಹಾಗಿದ್ದರೆ ಒಂದು ಕಾಲಕ್ಕೆ ರಾಜಧಾನಿಯಂತಿದ್ದ ಶಿರಾ ಏಕೆ ಬೆಂಗಳೂರಾಗಲಿಲ್ಲ? ನಮ್ಮ ಗದ್ದೆ ಹೋಗುವುದು ತಪ್ಪಿಸಲಾಗದ ಸಂಗತಿಯೇ? ಪಟ್ಟಣ ಪಂಚಾಯಿತಿ ಆದದ್ದರಿಂದ ಜಮೀನಿಗೆ ಏನಾಗುತ್ತದೆ?

ಉತ್ತರ: ಪಾಠದಲ್ಲಿರುವ ಕ್ರಮ ನೆನಪಿಟ್ಟುಕೊಳ್ಳಲು ಸುಲಭ. ಆದರೆ ನಮ್ಮ ಸೀಮೆಯಲ್ಲಿ ನಡೆದದ್ದು ಹಾಗಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ನಂದಿಯ ಬೆಟ್ಟಸಾಲು ಮತ್ತು ಅದರ ಸುತ್ತಿನ ನೆಲದಲ್ಲೇ ಹುಟ್ಟುತ್ತವೆ. ಹುಟ್ಟಿದ ಕಡೆ ಅವು ಮಳೆಗಾಲದ ಹಳ್ಳಗಳಷ್ಟೇ, ನೀರು ತುಂಬಿ ಹರಿಯುವುದೆಲ್ಲ ಮುಂದಿನ ಸೀಮೆಯಲ್ಲಿ. ಹಾಗಾಗಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಗದ್ದೆ ಬೇಕೆಂದರೆ ಮೊದಲು ಕೆರೆ ಬೇಕು. ಕೆರೆ ಬೇಕೆಂದರೆ ಕಟ್ಟಿಸುವವರು, ಕಾಯುವವರು, ನೀರು ಹಂಚುವವರು, ಜಗಳ ಬಿದ್ದರೆ ತೀರ್ಮಾನ ಹೇಳುವವರು ಬೇಕು. ಅಂದರೆ ಆಡಳಿತ ಎಂಬುದು ಇಲ್ಲಿ ಬೇಸಾಯ ಬೆಳೆದ ಮೇಲೆ ಬಂದದ್ದಲ್ಲ, ಗದ್ದೆಯ ಜೊತೆಯಲ್ಲೇ ಹುಟ್ಟಿದ್ದು. ಗದ್ದೆ ಹೋಗುವಾಗಲೂ ಮೊದಲು ಹೋಗುವುದು ಅದೇ. ನಿಮ್ಮೂರಿನ ಸೈಟಿನ ಕಲ್ಲು ಈಚಿನದು. ಅದಕ್ಕೂ ಎಷ್ಟೋ ಮುಂಚೆ ಆ ಬಯಲಿಗೆ ಯಜಮಾನಿಕೆ ಇಲ್ಲದಂತಾಗಿತ್ತು. ಅದು ಹೇಗಾಯಿತು ಎಂದು ತಿಳಿಯದೆ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಸಿಗದು.

ಕೋಲಾರ, ಚಿಕ್ಕಬಳ್ಳಾಪುರ ಎರಡೂ ಸೇರಿದರೆ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಬಿಡಿಬಿಡಿ ಕೆರೆಗಳಲ್ಲ ಅವು, ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ಒಂದೊಂದು ಕೆರೆಗೂ ಏರಿ (ಮಣ್ಣಿನ ಕಟ್ಟೆ), ತೂಬು (ನೀರು ಬಿಡುವ ಬಾಗಿಲು), ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ), ಅಚ್ಚುಕಟ್ಟು (ಆ ನೀರಿನಲ್ಲಿ ಬೆಳೆಯುವ ಗದ್ದೆ ಬಯಲು). ಕೆರೆ ಕಟ್ಟಿಸಿದವರಿಗೆ ರಾಜರು ಅಚ್ಚುಕಟ್ಟಿನಲ್ಲಿ ಕಟ್ಟುಕೊಡಗೆ ಎಂದು ಜಮೀನು ಬಿಡುತ್ತಿದ್ದರು. ದುರಸ್ತಿಯ ಖರ್ಚಿಗೆಂದು ಗದ್ದೆಯ ಹುಟ್ಟುವಳಿಯಲ್ಲಿ ಒಂದು ಪಾಲು ತೆಗೆದಿಡುವ ಬಿತ್ತುವಟ್ಟ ಎಂಬ ಪದ್ಧತಿ ಗಂಗರ ಕಾಲದ ಶಾಸನಗಳಲ್ಲೇ ಕಾಣುತ್ತದೆ. ಈ ಏರ್ಪಾಡಿನ ಜಾಣ್ಮೆ ಎಂಥದೆಂದರೆ, ಕೆರೆ ಒಡೆದರೆ ಕಟ್ಟುಕೊಡಗೆ ಪಡೆದವನ ಗದ್ದೆಯೇ ಮೊದಲು ಒಣಗುತ್ತಿತ್ತು. ನೋಡಿಕೊಳ್ಳುವವನ ಅನ್ನವನ್ನೇ ನೋಡಿಕೊಳ್ಳುವ ಕೆಲಸಕ್ಕೆ ಕಟ್ಟಿಹಾಕಿದ್ದರು.

ನೀರು ಹಂಚುವ ಕೆಲಸ ನೀರುಗಂಟಿಯದು. ಯಾವ ದಿನ ತೂಬು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು, ಕಡೆಯ ಗದ್ದೆಗೆ ನೀರು ಮುಟ್ಟಿತೇ ಇಲ್ಲವೇ, ಎಲ್ಲ ಅವನ ಲೆಕ್ಕ. ನೀರು ಕಡಿಮೆ ಬಿದ್ದ ವರ್ಷ ಇಡೀ ಅಚ್ಚುಕಟ್ಟಿಗೆ ನಾಟಿ ಇಲ್ಲ, ಇಷ್ಟು ಭಾಗಕ್ಕೆ ಮಾತ್ರ ಎಂದು ಊರು ತೀರ್ಮಾನಿಸಿದರೆ ಅದನ್ನು ಜಾರಿಗೆ ತರುವವನೂ ಅವನೇ. ರೈತರು ಗದ್ದೆಗೆ ತಾವೇ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಅಳೆಸಿಕೊಂಡು ಹೋಗುವುದು ಅವನ ಸಂಬಳ. ಬೇಸಿಗೆಯಲ್ಲಿ ಊರಿನವರು ಮನೆಗಿಷ್ಟು ಎಂದು ಆಳು ಕೊಟ್ಟು ಹೂಳು ತೆಗೆಯಬೇಕು. ಆ ಹೂಳೇ ಹೊಲಕ್ಕೆ ಗೊಬ್ಬರ.

ಇದನ್ನು ರಾಮರಾಜ್ಯ ಎಂದು ವರ್ಣಿಸುವವರ ಜೊತೆ ನಾನು ಸೇರುವುದಿಲ್ಲ. ನೀರುಗಂಟಿಗಳು ಬಹುಪಾಲು ದಲಿತರು. ಅವರು ಹಂಚಿದ ನೀರಿನಲ್ಲಿ ಬೆಳೆದ ಗದ್ದೆ ಬಹುತೇಕ ಮೇಲುಜಾತಿಯವರದು ಮತ್ತು ಒಕ್ಕಲು ಜಾತಿಗಳದು. ಹೂಳು ಹೊತ್ತವರಿಗೆ ತರಿ (ನೀರಾವರಿ) ಜಮೀನು ಸಿಕ್ಕಿದ್ದು ಅಪರೂಪ. ಹಳೆಯ ಏರ್ಪಾಡು ಕೆರೆಯನ್ನು ಉಳಿಸಿತು ಎಂಬುದೂ ನಿಜ, ಅನ್ಯಾಯದ ಮೇಲೆ ನಿಂತಿತ್ತು ಎಂಬುದೂ ನಿಜ. ಆಮೇಲೆ ಅದನ್ನು ಕಿತ್ತುಹಾಕಿದ್ದು ತಪ್ಪಲ್ಲ. ಆ ಜಾಗದಲ್ಲಿ ಕೆರೆ ಕಾಯುವ ಬೇರೊಂದನ್ನು ಕಟ್ಟದೆ ಬಿಟ್ಟದ್ದು ತಪ್ಪು.

ಒಂದು ಕೆರೆಯನ್ನಾದರೂ ಹತ್ತಿರದಿಂದ ನೋಡೋಣ. ನಿಮಗೆ ದೂರವಲ್ಲದ ಬೇತಮಂಗಲ. ಹಳೆಯ ಹೆಸರು ವಿಜಯಾದಿತ್ಯಮಂಗಲ, ಬಾಣ ಅರಸನ ಹೆಸರಿನದು. ಪಾಲಾರ್ ಹರಿವಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಕೆರೆ. ಸುಮಾರು 950ರ ಹೊತ್ತಿಗೆ ಅದು ಒಡೆದಿತ್ತು, ನೊಳಂಬ ಅರಸ ಕಟ್ಟಿಸಿದ. ಮತ್ತೆ ಒಡೆಯಿತು, 12ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕನೊಬ್ಬ ದುರಸ್ತಿ ಮಾಡಿಸಿದ. ಬಾಣರು ಹೋದರು, ನೊಳಂಬರು ಹೋದರು, ಚೋಳರು ಬಂದುಹೋದರು, ಹೊಯ್ಸಳರೂ ಹೋದರು. ಪ್ರತಿಯೊಬ್ಬ ಹೊಸ ಒಡೆಯನೂ ಹಿಂದಿನವನ ಕೆರೆಯನ್ನು ಮತ್ತೆ ಕಟ್ಟಿಸಿದ್ದಕ್ಕೆ ಪುಣ್ಯದ ಆಸೆ ಒಂದು ಕಾರಣ. ಕಂದಾಯ ಬರುವುದು ಗದ್ದೆಯಿಂದ ಎಂಬುದು ಇನ್ನೊಂದು. ಕೆರೆ ಒಡೆದರೆ ಅರಮನೆಯ ಉಗ್ರಾಣವೂ ಬರಿದಾಗುತ್ತಿತ್ತು. ರಾಜ್ಯ ಅಳಿದರೂ ಕೆರೆ ಉಳಿಯಬೇಕಾದ ಲೆಕ್ಕ ಅದು.

ಇಪ್ಪತ್ತನೇ ಶತಮಾನದ ಆರಂಭಕ್ಕೆ ಇದೇ ಬೇತಮಂಗಲದ ನೀರು ಕೊಳವೆಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಟಿತು. ಈ ತಿರುವನ್ನು ಗಮನಿಸಬೇಕು. ಜಾನ್ ಟೇಲರ್ ಕಂಪನಿ 1880ರ ಸುಮಾರಿಗೆ ಗಣಿಯ ಕೆಲಸ ಶುರುಮಾಡಿದಾಗ ಅಲ್ಲಿ ನಗರ ಇರಲಿಲ್ಲ. ನಗರವನ್ನು ಹೊರಬಲ್ಲ ಗದ್ದೆ ಬಯಲೂ ಸುತ್ತ ಇರಲಿಲ್ಲ. ಜನ ಬಂದದ್ದು ಉತ್ತರ ಆರ್ಕಾಟ್, ಚಿತ್ತೂರಿನ ಕಡೆಯಿಂದ, ಬಂಡವಾಳ ಬಂದದ್ದು ಲಂಡನ್ನಿನಿಂದ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲು. ಊರಿನ ಆಡಳಿತ ಕಂಪನಿಯದು, ಜೊತೆಗೆ ಸ್ಯಾನಿಟರಿ ಬೋರ್ಡು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. 1956ರಲ್ಲಿ ಸರ್ಕಾರದ ಕೈಗೆ ಬಂತು, 2001ರ ಫೆಬ್ರವರಿಯಲ್ಲಿ ಮುಚ್ಚಿತು. ಮುಚ್ಚಿದ ಮೇಲೆ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗಿಬರುವಂತಾಯಿತು. ಇಷ್ಟು ದೊಡ್ಡ ನಗರ ಹಳ್ಳಿ ಬೆಳೆದು ಆದದ್ದಲ್ಲ, ಒಂದು ಗುತ್ತಿಗೆಯ ಕಾಗದದಿಂದ ಆದದ್ದು. ಗಣಿ ಮುಚ್ಚಿದ ಆದೇಶದೊಂದಿಗೆ ಅದರ ನಡುವೇ ಮುರಿಯಿತು. ಬೇತಮಂಗಲದ ಕೆರೆಗೆ ಮಾತ್ರ ಮಳೆ ಬಂದ ವರ್ಷ ಇಂದಿಗೂ ನೀರು ಬರುತ್ತದೆ.

ಈಗ ನಿಮ್ಮ ಶಿರಾ. ಬಿಜಾಪುರದ ಆದಿಲ್‌ಶಾಹಿಗಳ ಕಾಲಕ್ಕೇ ಅದು ಅಧಿಕಾರದ ಊರು. 1687ರಲ್ಲಿ ಮೊಗಲರು ಬಂದು ಶಿರಾವನ್ನು ಸುಬಾದ (ಪ್ರಾಂತ್ಯದ) ಕೇಂದ್ರ ಮಾಡಿದರು. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಲ್ಲ ಆಗ ಶಿರಾದ ಪರಗಣೆಗಳು. ನಿಮ್ಮ ಕೋಲಾರದ ಕಂದಾಯ ಎಪ್ಪತ್ತು ವರ್ಷ ಅಲ್ಲಿಗೆ ಹೋಗಿದೆ. ಸೈನ್ಯ, ನೇಕಾರರು, ವ್ಯಾಪಾರಿಗಳು, ತೋಟಗಳು ಎಲ್ಲ ಆ ಕಚೇರಿಯ ಬೆನ್ನಿಗೆ ಬಂದದ್ದು. ಹದಿನೆಂಟನೇ ಶತಮಾನದ ನಡುವೆ ಮರಾಠರು, ಹೈದರಾಲಿ, ಮತ್ತೆ ಮರಾಠರು ಎಂದು ಕೈ ಬದಲಾಯಿತು. ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಎಂಬ ಹೊಸ ಪೇಟೆ ಕಟ್ಟಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದ ಎಂದು ಹಳೆಯ ಮೈಸೂರು ಗೆಜೆಟಿಯರ್ ಬರೆದಿಟ್ಟಿದೆ. ಕಚೇರಿ ಹೋಯಿತು, ಕಸುಬುದಾರರೂ ಹೋದರು. ಉಳಿದದ್ದು ಮಲಿಕ್ ರೈಹಾನ್ ಗೋರಿ, ಜಾಮಿಯಾ ಮಸೀದಿ, ಕೋಟೆಯ ಕಲ್ಲು, ತಾಲ್ಲೂಕು ಕೇಂದ್ರದ ಪಟ್ಟ.

ಅದೇ ಜಿಲ್ಲೆಯ ತುಮಕೂರು ಆಗ ಸಾಧಾರಣ ಊರು. ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಅಧಿಕಾರಿ ಡಾಬ್ಸ್ ಅಲ್ಲಿ ಕುಳಿತು ಆಡಳಿತ ನಡೆಸಿದರು. ಡಾಬಸ್‌ಪೇಟೆಗೆ ಅವರದೇ ಹೆಸರು. 1884ರಲ್ಲಿ ಬೆಂಗಳೂರಿನಿಂದ ರೈಲು ತುಮಕೂರಿಗೆ ಬಂದು, ಮುಂದೆ ಗುಬ್ಬಿ, ತಿಪಟೂರಿನ ಕಡೆ ತಿರುಗಿತು. ಶಿರಾ ದಾರಿಯಲ್ಲಿ ಸಿಗಲಿಲ್ಲ. ತಿಪಟೂರು ಕೊಬ್ಬರಿಯ ದೊಡ್ಡ ಮಾರುಕಟ್ಟೆ ಆಯಿತು. ಶಿರಾಕ್ಕೆ ರೈಲು ತರುವ ತುಮಕೂರು–ದಾವಣಗೆರೆ ಮಾರ್ಗದ ಮಾತು ಶುರುವಾಗುವ ಹೊತ್ತಿಗೆ ತುಮಕೂರು ಅದನ್ನು ಬಹಳ ಹಿಂದೆ ಬಿಟ್ಟು ಹೋಗಿತ್ತು. ಶಿರಾದ ಮಣ್ಣು ಕೆಟ್ಟದ್ದೇನಲ್ಲ, ತುಮಕೂರಿನ ಮಣ್ಣಿನಲ್ಲಿ ಬಂಗಾರವೂ ಇಲ್ಲ. ಕಚೇರಿ ಎಲ್ಲಿ ಕುಳಿತಿತು, ರೈಲು ಎಲ್ಲಿ ನಿಂತಿತು ಎಂಬುದೇ ತೀರ್ಮಾನ ಮಾಡಿತು. ಗಂಗರು ತಲಕಾಡಿಗೆ ಹೋಗುವ ಮುನ್ನ ನಿಮ್ಮ ಕೋಲಾರವೇ, ಅಂದಿನ ಕುವಲಾಲಪುರವೇ, ಅವರ ರಾಜಧಾನಿ. ಅದು ಆಮೇಲೂ ಊರಾಗಿ ಉಳಿದದ್ದು ಚೋಳರಿಂದ ಮೊಗಲರವರೆಗೆ ಎಲ್ಲರೂ ಅಲ್ಲೊಂದು ಕಚೇರಿ ಇಟ್ಟದ್ದರಿಂದ. ಚಿಕ್ಕಬಳ್ಳಾಪುರ 2007ರಲ್ಲಿ ಜಿಲ್ಲೆ ಆದ ಮೇಲೆ ಅಲ್ಲಿನ ಹೆದ್ದಾರಿ ಬದಿ ಜಮೀನಿಗೆ ಏನಾಯಿತೆಂದು ನೀವೇ ಕಣ್ಣಾರೆ ಕಂಡಿದ್ದೀರಿ.

ಕೆರೆಯ ಏರ್ಪಾಡು ಸಡಿಲವಾದದ್ದು ಯಾವಾಗ? ಒಂದೇ ದಿನದಲ್ಲಲ್ಲ. 1876–78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಐದರಲ್ಲಿ ಒಬ್ಬರು. ಕೋಲಾರ ಸೀಮೆಗೆ ಬಿದ್ದ ಪೆಟ್ಟು ಭಾರಿಯದು. ಏರಿಗೆ ಮಣ್ಣು ಹಾಕುವ ಕೈಗಳೇ ಕಡಿಮೆಯಾದವು. ದೊಡ್ಡ ಕೆರೆಗಳ ಜವಾಬ್ದಾರಿ ಲೋಕೋಪಯೋಗಿ ಇಲಾಖೆಗೆ ಹೋದಂತೆ, ರಿಪೇರಿ ಸರ್ಕಾರದ ಕೆಲಸ ಎಂಬ ಭಾವನೆ ಊರಲ್ಲಿ ಬಂತು. ಮಣ್ಣುಕೆಲಸ ರೈತರದೇ ಎಂದು ಸರ್ಕಾರ ಹೇಳುತ್ತಿತ್ತು. 1892ರಲ್ಲಿ ಮದ್ರಾಸಿನ ಜೊತೆಗಿನ ಒಪ್ಪಂದದ ಪ್ರಕಾರ ಪಾಲಾರ್, ಪೆನ್ನಾರ್ (ಪಿನಾಕಿನಿ) ಇಂಥ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಹೊಸ ಕೆರೆ, ಕಟ್ಟೆ ಕಟ್ಟುವಂತಿಲ್ಲ ಎಂದಾಯಿತು. ಕಾವೇರಿ ವ್ಯಾಜ್ಯದಿಂದ ಈ ಒಪ್ಪಂದ ಎಲ್ಲರಿಗೂ ಗೊತ್ತು. ಕೋಲಾರದ ಬಯಲಿನ ಮೇಲೂ ಅದು ಬಿದ್ದಿದೆ ಎಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾಯಿದೆ ತಂದು, ಹಳೆಯ ರೂಢಿಗೆ ಕಾನೂನಿನ ಬಲ ಕೊಡಲು ನೋಡಿತು. ರೂಢಿ ತಾನಾಗಿ ನಡೆಯುತ್ತಿದ್ದರೆ ಅಂಥ ಕಾಯಿದೆಯೇ ಬೇಕಿರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಕಡೆ ಪ್ರತಿನಿಧಿ ಆಡಳಿತ ಮೊಳೆಯುತ್ತಿತ್ತು. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು ತಾಲ್ಲೂಕುಗಳ ಜಮೀನುದಾರರು, ವರ್ತಕರು. ಮಾತಾಡುವ ಹಕ್ಕಿತ್ತು, ತೀರ್ಮಾನಿಸುವ ಹಕ್ಕಿರಲಿಲ್ಲ. ಅಲ್ಲಿಂದ ಜವಾಬ್ದಾರಿ ಸರ್ಕಾರದವರೆಗಿನ ದಾರಿ ನಗರದ ಸಭಾಂಗಣಗಳಲ್ಲಷ್ಟೇ ಸಾಗಲಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಹಳ್ಳಿಗರ ಮೇಲೆ ಗುಂಡು ಹಾರಿತು. ಅದರ ಬೆನ್ನಿಗೇ ದಿವಾನ್ ಮಿರ್ಜಾ ಇಸ್ಮಾಯಿಲ್ ಸರ್ದಾರ್ ಪಟೇಲರ ಜೊತೆ ರಾಜಿಗೆ ಬಂದು ಕಾಂಗ್ರೆಸ್ಸಿಗೆ ಮಾನ್ಯತೆ ಕೊಡಬೇಕಾಯಿತು. ನಮ್ಮ ರಾಜ್ಯದ ಚುನಾಯಿತ ಆಡಳಿತಕ್ಕೆ ಪಿನಾಕಿನಿ ದಡದ ರೈತರ ರಕ್ತದ ಋಣ ಇದೆ. ಮಗಳಿಗೆ ಇದನ್ನು ಖಂಡಿತ ಹೇಳಿ.

ಸ್ವಾತಂತ್ರ್ಯ ಬಂದ ಮೇಲೆ ಮೂರು ಕಾನೂನುಗಳು ಹಳ್ಳಿಯ ಒಳಗನ್ನು ಬದಲಾಯಿಸಿದವು. 1954–55ರಲ್ಲಿ ಇನಾಂ (ಅರಸರು ಕೊಟ್ಟ ದಾನದ ಜಮೀನು) ರದ್ದು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ ವೃತ್ತಿಗಳು ಕೊನೆಗೊಂಡು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಅದು ಆಗಲೇಬೇಕಿತ್ತು. ಆದರೆ ಕೆರೆಯ ತೂಬು ಎತ್ತಲು ಸಂಬಳದ ಒಬ್ಬ ನೌಕರನನ್ನು ಯಾರೂ ನೇಮಿಸಲಿಲ್ಲ. ಕೆಲವು ಊರುಗಳಲ್ಲಿ ರೂಢಿಯ ಬಲದಿಂದ ನೀರುಗಂಟಿಗಳು ಮುಂದುವರಿದರು, ಬಹಳ ಕಡೆ ನಿಂತರು.

ಮೂರನೆಯದು ದೇವರಾಜ ಅರಸರ 1974ರ ಭೂಸುಧಾರಣೆ. ಉಳುವವನೇ ಹೊಲದೊಡೆಯ. ಗೇಣಿದಾರರಿಗೆ ಭೂಮಿ ಸಿಕ್ಕಿತು. ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ಒಂದು ಕಟ್ಟಳೆ ನಿಮ್ಮ ಸೀಮೆಯಲ್ಲಿ ಬೇರೆಯೇ ಫಲ ಕೊಟ್ಟಿತು. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ಅದು ನಿಷೇಧಿಸಿತು. ಮಕ್ಕಳು ಬೆಂಗಳೂರು ಸೇರಿದ ಮನೆಯವರು ಜಮೀನು ಏನು ಮಾಡಬೇಕು? ವಾರಕ್ಕೆ (ಬೆಳೆಯ ಪಾಲಿಗೆ) ಕೊಟ್ಟರೆ ಹಕ್ಕು ಹೋದೀತೆಂಬ ಭಯ, ತಾವೇ ಮಾಡಲು ಆಳಿಲ್ಲ, ಕೆರೆಯಲ್ಲಿ ನೀರಿಲ್ಲ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಸಸಿ ಧಾರಾಳವಾಗಿ ಸಿಕ್ಕಾಗ ಅವರು ಅದನ್ನೇ ನೆಟ್ಟರು. ನೀಲಗಿರಿಗೆ ಆಳು ಬೇಡ, ಗೇಣಿದಾರ ಬೇಡ, ವರ್ಷಗಟ್ಟಲೆ ತಿರುಗಿ ನೋಡುವುದೂ ಬೇಡ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸುವ ಹೊತ್ತಿಗೆ ಮಾಲೂರು, ಕೋಲಾರದ ಎಷ್ಟೋ ಹೊಲಗಳ ಒಡೆಯರು ಊರಲ್ಲೇ ಇರಲಿಲ್ಲ. ಒಡೆಯ ಊರಲ್ಲಿಲ್ಲದ ಹೊಲ ಕೈ ಬದಲಾಯಿಸುವುದು ಸುಲಭ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದ ಮೇಲಂತೂ ಉಳಿದಿದ್ದ ಬೇಲಿಯೂ ಹೋಯಿತು. ಆ ತಿದ್ದುಪಡಿಯನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಪಹಣಿ ತೆಗೆದು ನೋಡಿ. ಅಚ್ಚುಕಟ್ಟಿನ ಸರ್ವೆ ನಂಬರಿಗೆ ಇನ್ನೂ ತರಿ ಎಂದೇ ನಮೂದಾಗಿರುತ್ತದೆ, ಕೆರೆಯ ನೀರು ಕಂಡು ಎಷ್ಟು ವರ್ಷವಾದರೂ ಸರಿ. 9ನೇ ಕಾಲಮ್ಮಿನಲ್ಲಿ ಖಾತೆದಾರರ ಹೆಸರು, 12ನೇ ಕಾಲಮ್ಮಿನಲ್ಲಿ ಸಾಗುವಳಿ, ಬೆಳೆ. ಈ ಎರಡು ಕಾಲಮ್ಮುಗಳನ್ನು ಮೂವತ್ತು ವರ್ಷ ಹಿಂದಕ್ಕೆ ಓದಿಕೊಂಡು ಹೋದರೆ ಸಾಕು. ಭತ್ತ ಹೋಗಿ ರಾಗಿ, ರಾಗಿ ಹೋಗಿ ನೀಲಗಿರಿ ಅಥವಾ ಪಾಳು, ಆಮೇಲೆ 9ನೇ ಕಾಲಮ್ಮಿನಲ್ಲಿ ಹೊಸ ಹೆಸರು, ಕೊನೆಗೆ ಭೂಪರಿವರ್ತನೆಯ ಆದೇಶ. ಬಹಳ ಊರುಗಳಲ್ಲಿ ಬದಲಾವಣೆ ನಡೆದದ್ದು ಇದೇ ಸರದಿಯಲ್ಲಿ. ಬೆಂಗಳೂರು ಬಂದದ್ದು ಕೊನೆಯ ಸಾಲಿಗೆ.

ನಗರವನ್ನು ಬರೀ ನುಂಗುವ ಬಾಯಿ ಎಂದು ನೋಡುವುದೂ ಸರಿಯಲ್ಲ. ಕೋಲಾರದ ಟೊಮೆಟೊ ಮಂಡಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಕ್ಕಬಳ್ಳಾಪುರದ ಹೂವು, ದ್ರಾಕ್ಷಿ ಎಲ್ಲ ನಗರ ಹತ್ತಿರ ಇರುವುದರಿಂದಲೇ ನಿಂತಿವೆ. ಭತ್ತ ಬೆಳೆದು ಈ ಆದಾಯ ಕಾಣಲು ಸಾಧ್ಯವಿರಲಿಲ್ಲ. ಆದರೆ ಈ ಬೇಸಾಯ ನಿಂತಿರುವುದು ಕೆರೆಯ ಮೇಲಲ್ಲ, ಸಾವಿರ ಅಡಿ ದಾಟಿದ ಕೊಳವೆಬಾವಿಯ ಮೇಲೆ. ಕೆರೆ ನೀರು ಊರಿನ ತೀರ್ಮಾನ, ಬೋರ್‌ವೆಲ್ ನೀರು ದುಡ್ಡಿದ್ದವನ ತೀರ್ಮಾನ. ಎರಡು ಬೋರು ಫೇಲಾದರೆ ಸಣ್ಣ ರೈತನ ಮುಂದಿನ ದಾರಿ ಜಮೀನು ಮಾರುವುದು.

ಆಮೇಲೆ ಕೈಗಾರಿಕೆ. ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಭೂಮಿ ಹೋದದ್ದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕಾಯಿದೆಯಡಿ. 28(1), 28(4) ಎಂಬ ಅಂಕೆಗಳನ್ನು ನಿಮ್ಮ ಕಡೆಯ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಮೊದಲನೆಯದು ಪ್ರಾಥಮಿಕ ಅಧಿಸೂಚನೆ, ಎರಡನೆಯದು ಅಂತಿಮ. ಅಂತಿಮ ಎಂದರೆ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದೆವು. ಆದರೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತು, 2025ರ ಜುಲೈಯಲ್ಲಿ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು. ಆ ಸೀಮೆಯಲ್ಲಿ ದ್ರಾಕ್ಷಿ, ತರಕಾರಿ, ರೇಷ್ಮೆ ಇನ್ನೂ ನಡೆಯುತ್ತಿದ್ದವು, ಒಡೆಯರು ಊರಲ್ಲೇ ಇದ್ದರು. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದೇ: ತಪ್ಪಿಸಲು ಆಗುತ್ತದೆ, ಹೊಲದಲ್ಲಿ ಬೇಸಾಯವೂ ಊರಲ್ಲಿ ಒಗ್ಗಟ್ಟೂ ಉಳಿದಿರುವ ಕಡೆ.

ಪಾವಗಡದಲ್ಲಿ ಇನ್ನೊಂದು ಬಗೆ. ತಿರುಮಣಿ, ಬಳಸಮುದ್ರ, ವಳ್ಳೂರು ಮುಂತಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕು ಎದ್ದಿದೆ. ಸರ್ಕಾರ ಅಲ್ಲಿ ಭೂಮಿ ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ ಎಂದು ದೀರ್ಘಾವಧಿ ಗುತ್ತಿಗೆಗೆ ಪಡೆಯಿತು. ಪಹಣಿಯಲ್ಲಿ ಹೆಸರು ರೈತರದೇ ಉಳಿಯಿತು. ಜಮೀನಿದ್ದವರಿಗೆ ಇದು ಬರಗಾಲದ ಬೇಸಾಯಕ್ಕಿಂತ ವಾಸಿ. ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು, ಕುರಿ ಮೇಯಿಸಿ ಬದುಕುತ್ತಿದ್ದ ಭೂಹೀನರಿಗೆ ಗುತ್ತಿಗೆಯಲ್ಲಿ ಒಂದು ಕಾಸೂ ಇಲ್ಲ. ನೀರುಗಂಟಿಗೆ ಗದ್ದೆ ಇಲ್ಲದಿದ್ದ ಹಳೆಯ ಅನ್ಯಾಯ ಹೊಸ ವೇಷದಲ್ಲಿ ಮುಂದುವರಿದಿದೆ. ಆದರೂ ಭೂಮಿಯ ಉಪಯೋಗ ಬದಲಾಗಬೇಕಾದರೆ ಒಡೆತನವೂ ಹೋಗಲೇಬೇಕು ಎಂದೇನಿಲ್ಲ, ಕಾನೂನು ಬೇರೆ ಥರ ಬರೆಯಬಹುದು ಎಂಬುದನ್ನು ಪಾವಗಡ ತೋರಿಸಿದೆ.

ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ನೀರಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನಿಮ್ಮ ತಾಲ್ಲೂಕಿನ ಕಥೆ ಅರ್ಧವಾಗುತ್ತದೆ. 2018ರ ಜೂನಿನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಯೋಜನೆಯ ಗಾತ್ರ ದಿನಕ್ಕೆ 440 ದಶಲಕ್ಷ ಲೀಟರ್. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯಿಂದ 210 ದಶಲಕ್ಷ ಲೀಟರ್. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದನ್ನು ರೈತರು ಬಲ್ಲರು. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಬೇಕು ಎಂಬ ಹೋರಾಟಗಾರರ ಆಗ್ರಹ ನ್ಯಾಯವಾದದ್ದು, ಅದನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ. ಗಮನಿಸಬೇಕಾದ್ದು, ಹಳೆಯ ಕೆರೆ ಸರಪಳಿ ಹಾಗೇ ಉಳಿದಿದ್ದರಿಂದ ಈ ನೀರು ಒಂದರಿಂದ ಒಂದಕ್ಕೆ ಹರಿಯಿತು. ರಾಜಕಾಲುವೆ ಮುಚ್ಚಿದ್ದ ಕಡೆ ನಿಂತಿತು. ನೀರು ತಿರುಗಿ ಬಂತು, ನೀರುಗಂಟಿ ಬರಲಿಲ್ಲ. ಯಾವ ಕೆರೆಗೆ ಎಷ್ಟು ಎಂಬುದು ಈಗ ಸಣ್ಣ ನೀರಾವರಿ ಇಲಾಖೆಯ ತೀರ್ಮಾನ, ಊರಿನದಲ್ಲ.

ಇನ್ನು ಪಟ್ಟಣ ಪಂಚಾಯಿತಿ. 1964ರ ಪೌರಸಭೆಗಳ ಕಾಯಿದೆಯ ಪ್ರಕಾರ ಜನಸಂಖ್ಯೆ ಹತ್ತು ಸಾವಿರ ದಾಟಿ ಇಪ್ಪತ್ತು ಸಾವಿರದೊಳಗಿದ್ದು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಉದ್ಯೋಗ ಕೃಷಿಯೇತರವಾಗಿದ್ದರೆ ಊರನ್ನು ಪಟ್ಟಣ ಪಂಚಾಯಿತಿ ಮಾಡಬಹುದು. ಸಾಮಾನ್ಯವಾಗಿ ಹತ್ತಾರು ಹಳ್ಳಿ ಕೂಡಿಸಿ ಈ ಲೆಕ್ಕ ಸರಿಹೊಂದಿಸುತ್ತಾರೆ. ಹಾಗಾಗಿ ಕಾಗದದ ಮೇಲಿನ ಪಟ್ಟಣದೊಳಗೆ ಪೂರಾ ಬೇಸಾಯದ ಹಳ್ಳಿಗಳೂ ಸೇರುತ್ತವೆ. ಆದದ್ದರಿಂದ ನಿಮ್ಮ ಒಡೆತನಕ್ಕೆ ಧಕ್ಕೆ ಇಲ್ಲ. ಪಹಣಿ ಇರುತ್ತದೆ, ಕೃಷಿ ಜಮೀನು ಪರಿವರ್ತನೆ ಆಗುವವರೆಗೂ ಕೃಷಿ ಜಮೀನೇ. ಬದಲಾಗುವುದು ಬೇರೆ. 1993ರ ಪಂಚಾಯತ್ ರಾಜ್ ಕಾಯಿದೆ ಕೊಟ್ಟ ಗ್ರಾಮಸಭೆ ಇನ್ನಿಲ್ಲ. ಗ್ರಾಮೀಣ ಉದ್ಯೋಗ ಖಾತರಿಯಲ್ಲಿ ಕೆರೆ ಹೂಳೆತ್ತಿಸುವ, ಬದು ಹಾಕಿಸುವ ಅವಕಾಶ ಇನ್ನಿಲ್ಲ. ಮನೆ ಕಂದಾಯ ಏರುತ್ತದೆ. ಊರಿನ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದಾದ ಜಾಗ ಹೋಗಿ, ವಾರ್ಡಿನ ಸದಸ್ಯರು ಮತ್ತು ಮುಖ್ಯಾಧಿಕಾರಿ ಉಳಿಯುತ್ತಾರೆ. ಕೆರೆಯ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಆದ್ದರಿಂದ ತಡಮಾಡದೆ ಮಾಡಬೇಕಾದ ಕೆಲಸಗಳಿವೆ. ಭೂದಾಖಲೆಗಳ ಕಚೇರಿಯಿಂದ ಗ್ರಾಮ ನಕ್ಷೆಯ ಪ್ರತಿ ತೆಗೆಸಿ. ಅದರಲ್ಲಿ ಕೆರೆ, ರಾಜಕಾಲುವೆ, ಗೋಮಾಳ, ಸ್ಮಶಾನ, ಗುಂಡುತೋಪು, ಬಂಡಿದಾರಿ ಎಲ್ಲ ಗುರುತಾಗಿರುತ್ತವೆ. ಅವುಗಳ ಸರ್ವೆ ನಂಬರಿನ ಪಹಣಿ ತೆಗೆಸಿ, ವಿಸ್ತೀರ್ಣ ನಕ್ಷೆಯೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಕೆರೆಯ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ತಹಶೀಲ್ದಾರರಿಗೆ ಅರ್ಜಿ ಕೊಡಿ, ಒಬ್ಬರೇ ಕೊಡಬೇಡಿ, ಅಚ್ಚುಕಟ್ಟಿನ ಎಲ್ಲ ಖಾತೆದಾರರ ಸಹಿ ಇರಲಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದ ಕೆರೆ ಪಂಚಾಯತ್ ವ್ಯವಸ್ಥೆಯ ಕೈಯಲ್ಲಿ ಇದ್ದದ್ದು, ಹೆಚ್ಚಿದ್ದರೆ ಸಣ್ಣ ನೀರಾವರಿಯದು. ಊರು ಪಟ್ಟಣವಾದಾಗ ಚಿಕ್ಕ ಕೆರೆಗಳ ಕಡತ ಯಾರಿಗೆ ಹೋಯಿತು ಎಂದು ಲಿಖಿತವಾಗಿ ಕೇಳಿ. ಎರಡು ಕಚೇರಿಗಳ ನಡುವೆ ಬಿದ್ದ ಕೆರೆಗೇ ಮೊದಲು ಒತ್ತುವರಿ ಬರುತ್ತದೆ. ಯೋಜನಾ ಪ್ರಾಧಿಕಾರ ಮಹಾಯೋಜನೆಯ ಕರಡು ಪ್ರಕಟಿಸಿದಾಗ ಆಕ್ಷೇಪಣೆಗೆ ಕಾಲಾವಕಾಶ ಕೊಡಲೇಬೇಕು. ಆ ನಕ್ಷೆಯಲ್ಲಿ ಅಚ್ಚುಕಟ್ಟಿಗೆ ಹಳದಿ ಬಳಿದರೆ ಅದು ವಸತಿ ಪ್ರದೇಶ, ಹಸಿರು ಬಳಿದರೆ ಕೃಷಿ. ನಿಮ್ಮೂರಿನ ಗದ್ದೆ ಬಯಲಿನ ಮುಂದಿನ ಇಪ್ಪತ್ತು ವರ್ಷ ಆ ಬಣ್ಣದಲ್ಲಿದೆ, ಆದರೆ ಕರಡು ನೋಡಲು ಹೋಗುವವರು ಸೈಟು ಮಾರುವವರು ಮಾತ್ರ. ಈ ಸಲ ನೀವು ಹೋಗಿ.

ಸೈಟು ಕೊಳ್ಳುವವರು ಮನೆಯಲ್ಲಿದ್ದರೆ ಅವರಿಗೂ ಹೇಳಿ: ಗ್ರಾಮ ಪಂಚಾಯಿತಿ ಕಾಲದ ನಮೂನೆ 9 ಮತ್ತು 11ಎ ಇದ್ದರೆ ಅದು ಕ್ರಮಬದ್ಧ ಸ್ವತ್ತು, ಬರೀ 11ಬಿ ಇದ್ದರೆ ಪರಿವರ್ತನೆ, ನಕ್ಷೆ ಮಂಜೂರಾತಿ ಎರಡನ್ನೂ ಮೊದಲು ಪರೀಕ್ಷಿಸಬೇಕು. ಪಟ್ಟಣ ಪಂಚಾಯಿತಿ ಇ-ಖಾತೆ ಕೊಟ್ಟಿತು ಎಂದ ಮಾತ್ರಕ್ಕೆ ರಾಜಕಾಲುವೆಯ ಮೇಲಿನ ಸೈಟು ಸಕ್ರಮವಾಗುವುದಿಲ್ಲ.